ಚಾವಡಿಗೆ ಬಂದ ಕಡಲಹೂವು

ಒಂದು ಜೀವ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯದೆ ನಾಲ್ಕು ದಿನ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ ಎಂದರೆ ಈಗಲೂ ಜನ ನಗುತ್ತಾರೆ. ಅಷ್ಟೂ ಗೊತ್ತಾಗುವುದಿಲ್ಲವಾ ನಿನಗೆ ಎಂದು ಬಿಜೂರಿನಲ್ಲಿರುವ ನನ್ನ ಅಕ್ಕ ಕೇಳಿದ್ದಳು. ಗೊತ್ತಾಗುವುದಿಲ್ಲ. ಅವಳ ಮನೆಯಲ್ಲೂ ಒಂದನ್ನು ತಂದಿಟ್ಟು, ಈಗ ಹೇಳು ನೋಡುವ ಎನ್ನಬೇಕಿತ್ತು.

ನಮ್ಮ ಮನೆ ಕೋಟದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಆಗ ಮನೆಯಲ್ಲಿ ಇದ್ದವರು ಮೂವರೇ: ನನ್ನ ಗಂಡ, ಮಾವಯ್ಯ ಮತ್ತು ನಾನು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮಾವಯ್ಯ ಮದುವೆ, ಉಪನಯನಗಳಿಗೆ ಅಡುಗೆ ಮಾಡುವವರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಅವರ ಕೈಯ ಹುಳಿ ಉಣ್ಣದವರು ಕಡಿಮೆ. ದೇವರಿಗೆ ಇಡುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲವಲ್ಲ. ಅವರು ಕೊಪ್ಪರಿಗೆಯ ಹಬೆಗೆ ಮೂಗು ಒಡ್ಡಿ ಉಪ್ಪು ಸಾಲದು, ಹುಳಿ ಮುಂದಾಯಿತು ಎಂದು ಹೇಳುತ್ತಿದ್ದರು.

ಇಂಥವರಿಗೆ ದಿನಾ ಅಡುಗೆ ಮಾಡಿ ಬಡಿಸುವುದು ಎಂದರೆ ಏನು ಎಂಬುದು ನನಗೊಬ್ಬಳಿಗೇ ಗೊತ್ತು. ಮದುವೆಯಾಗಿ ಬಂದ ಮೊದಲ ತಿಂಗಳು ಜ್ವರ ಬರುವುದೊಂದು ಬಾಕಿ. ಮಾವಯ್ಯ ಏನೂ ಹೇಳುತ್ತಿರಲಿಲ್ಲ. ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಒಂದು ದಿನ ಮಾತ್ರ ಎಲೆ ಮಡಚುತ್ತಾ, "ಸೌತಿಕಾಯಿ ಹುಳಿ ಲಾಯ್ಕ್ ಆಯ್ತ್" ಎಂದರು. ಬಿ.ಎ. ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಆಮೇಲೆ ಅವರು ಎಲ್ಲಿ ಅಡುಗೆಗೆ ಹೋದರೂ ಅಲ್ಲಿ ಉಣ್ಣುವುದನ್ನು ಬಿಟ್ಟರು. ನೂರಾರು ಜನರಿಗೆ ಬಡಿಸಿ, ಎಷ್ಟೇ ಹೊತ್ತಾದರೂ ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದು, ನಾನು ಬಡಿಸಿದ್ದನ್ನು ಉಣ್ಣುತ್ತಿದ್ದರು. ಊರಿನಲ್ಲಿ ಇದನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಆದರೆ ಒಳಗೊಳಗೇ ನನಗೆ ಬೇಕಾದಷ್ಟು ಜಂಬವಿತ್ತು.

ಇನ್ನು ನನ್ನ ಗಂಡನ ಹುಚ್ಚು. ಇವರಿಗೆ ಕುಂದಾಪುರದಲ್ಲಿ ಝೆರಾಕ್ಸ್ ಅಂಗಡಿ. ಮುಂಬಯಿಯಲ್ಲಿ ಹೋಟೆಲು ಮುಚ್ಚಿ ಊರಿಗೆ ಬಂದ ನೆಂಟರೊಬ್ಬರು ತಮ್ಮ ಗಲ್ಲಾದ ಪಕ್ಕ ಇಟ್ಟಿದ್ದ ಮೂರಡಿ ಗಾಜಿನ ಟ್ಯಾಂಕನ್ನು ಇವರಿಗೆ ಕೊಟ್ಟರು; ಅದು ನಮ್ಮ ಚಾವಡಿಗೆ, ಮನೆಯ ಮುಂದಿನ ಪಡಸಾಲೆಗೆ, ಬಂತು. ಮೊದಲು ಅದರಲ್ಲಿ ಸಿಹಿನೀರಿನ ಬಣ್ಣದ ಮೀನುಗಳಿದ್ದವು. ಆಮೇಲೆ ಇವರು ಎಲ್ಲಿ ಏನು ನೋಡಿದರೋ, ಉಪ್ಪುನೀರಿನ ಟ್ಯಾಂಕೇ ಆಗಬೇಕೆಂದು ಹಟ ಹಿಡಿದರು. ನಡೆದು ಹೋಗುವಷ್ಟು ದೂರದಲ್ಲಿ ಪಡುಕರೆಯ ಕಡಲು ಇದ್ದರೂ, ಮಂಗಳೂರಿನಿಂದ ಉಪ್ಪಿನ ಪ್ಯಾಕೆಟ್ಟು ತಂದು ಬಾವಿನೀರಿಗೆ ಕದಡುತ್ತಿದ್ದರು. ಕಡಲ ನೀರಿನಲ್ಲಿ ಕಸ, ರೋಗ ಎಲ್ಲ ಇರುತ್ತದೆಯಂತೆ. ಮಾವಯ್ಯ ಒಂದು ದಿನ ಟ್ಯಾಂಕಿನ ಮೇಲೆ ಬಗ್ಗಿ, "ಉಪ್ಪ್ ಜಾಸ್ತಿ ಆಯ್ತ್ ಕಾಣ್" ಎಂದರು. ಇವರು ಗಾಜಿನ ಅಳತೆಗೋಲು ಇಳಿಸಿ ನೋಡಿದರೆ ಹೌದು, ಜಾಸ್ತಿಯೇ ಆಗಿತ್ತು.

ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಎರಡು ಮೀನು ಬಂದವು. ಅವಕ್ಕೆ ಡಬ್ಬಿಯಲ್ಲಿ ಬರುವ ಪುಡಿಯೇ ಆಹಾರ. ಆ ಪುಡಿ ಯಾವುದರದ್ದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಮೀನು ತಿನ್ನದ ಮನೆಯಲ್ಲಿ ಕೆಲವು ಪ್ರಶ್ನೆ ಕೇಳದಿದ್ದರೆ ಎಲ್ಲರಿಗೂ ಸುಖ.

ಒಂದು ಭಾನುವಾರ ಇವರು ಮಂಗಳೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಡಲಹೂವು ತಂದರು. ಅಂಗಡಿಯವರು ಅದನ್ನು ಸೀ ಅನಿಮೋನ್ ಎಂದರಂತೆ; ನೋಡಲು ಹೂವು, ನಿಜಕ್ಕೆ ಒಂದು ಪ್ರಾಣಿ. ಆ ಎರಡು ಮೀನುಗಳಿಗೆ ಅದೇ ಮನೆ, ಅದಿಲ್ಲದೆ ಅವಕ್ಕೆ ನೆಮ್ಮದಿಯಿಲ್ಲ ಎಂದು ಇವರ ತಲೆಗೆ ತುಂಬಿದ್ದರು. ಚೀಲವನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಲು ಬಿಟ್ಟು, ಆಮೇಲೆ ಹತ್ತು ನಿಮಿಷಕ್ಕೊಂದು ಲೋಟದಂತೆ ಟ್ಯಾಂಕಿನ ನೀರನ್ನು ಚೀಲಕ್ಕೆ ಹೊಯ್ಯುತ್ತಾ ಇವರು ಇಡೀ ಸಂಜೆ ಕಳೆದರು. ಬಾಣಂತಿಯ ಕೋಣೆಯಂತೆ ಚಾವಡಿಯ ದೀಪ ಆರಿಸಿ, ನನ್ನನ್ನೂ ಪಿಸುಮಾತಿನಲ್ಲೇ ಮಾತಾಡಿಸಿದರು. ಕೊನೆಗೆ ಅದನ್ನು ಒಂದು ಕಲ್ಲಿನ ಮೇಲೆ ಇಳಿಸಿ, ನೀರು ತಿರುಗಿಸುವ ಪಂಪು ನಿಲ್ಲಿಸಿದರು. ಅದು ತನ್ನ ಅಡಿಭಾಗದ ಪಾದವನ್ನು ಕಲ್ಲಿಗೆ ಊರುವವರೆಗೆ ಯಾರೂ ಮುಟ್ಟಬಾರದಂತೆ.

ಮರುದಿನ ಬೆಳಿಗ್ಗೆ ಇವರು ಮುಂಬಯಿಗೆ ರೈಲು ಹತ್ತಿದರು. ಅಲ್ಲಿರುವ ನಾದಿನಿಯ ಮನೆಯ ಗೃಹಪ್ರವೇಶ. ಹನ್ನೆರಡು ದಿನ ಕಳೆದು ಬರುವುದೆಂದು ಮೊದಲೇ ನಿಗದಿಯಾಗಿತ್ತು. ಮಾವಯ್ಯ ಆ ದಿನಗಳಿಗೆ ಅಡುಗೆ ಒಪ್ಪಿಕೊಂಡಿದ್ದರು, ಅವರಿಗೆ ಬಡಿಸಲು ನಾನೂ ಉಳಿದೆ. ಹೊರಡುವಾಗ ಹೆಂಡತಿಯ ಮುಖ ನೋಡಿದ್ದಕ್ಕಿಂತ ಟ್ಯಾಂಕನ್ನು ನೋಡಿದ್ದೇ ಹೆಚ್ಚು.

"ಹೂಗ್ ಸಾಯ್ದೇ ಇಪ್ಪಂಗ್ ಕಾಣ್" ಎಂದರು.

"ನಾನ್ ಸತ್ರೆ?" ಎಂದು ಕೇಳಿದೆ.

"ಫೋನ್ ಮಾಡ್" ಎಂದು ಹೇಳಿ ಹೋದರು.

ಆ ಹೊತ್ತಿಗೆ ಅದು ಚೆನ್ನಾಗಿಯೇ ಇತ್ತು. ಊಟದ ಬಟ್ಟಲಿನಷ್ಟು ಅಗಲ, ತಿಳಿಗಂದು ಬಣ್ಣದ ನೂರಾರು ಎಳೆ, ಒಂದೊಂದರ ತುದಿಗೂ ನೇರಳೆ. ಮಧ್ಯಾಹ್ನ ಪಾತ್ರೆ ತೊಳೆದು ಬಂದು ನೋಡುತ್ತೇನೆ, ಹಿಂಡಿ ಮೂಲೆಗೆ ಎಸೆದ ಬಟ್ಟೆಯಂತೆ ಮುದುರಿ ಬಿದ್ದಿದೆ. ಬಾಯಿಯಿಂದ ಕಂದು ಬಣ್ಣದ ದಾರದಂಥದ್ದು ಹೊರಗೆ ಬಂದಿದೆ. ಸಂಜೆ ನೋಡಿದರೆ ಮತ್ತೆ ಅರಳಿತ್ತು. ರಾತ್ರಿ ಮುದುರಿತು. ಮರುದಿನ ಬೆಳಿಗ್ಗೆ ಕಲ್ಲಿನ ಮೇಲೆ ಇರಲೇ ಇಲ್ಲ; ಹುಡುಕಿದರೆ ಕಲ್ಲಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದರ ಮನೆಯವರು ಎನಿಸಿಕೊಂಡ ಎರಡು ಮೀನುಗಳು ಅದರ ಕಡೆ ತಿರುಗಿಯೂ ನೋಡದೆ ಇನ್ನೊಂದು ಮೂಲೆಯಲ್ಲಿ ಮುಖಕ್ಕೆ ಮುಖ ಕೊಟ್ಟುಕೊಂಡು ಇದ್ದವು.

ಮೂರನೆಯ ದಿನ ಮಂಗಳೂರಿನ ಅಂಗಡಿಗೆ ಫೋನು ಮಾಡಿದೆ.

"ಅದು ಸೆಟ್ ಆಗ್ಲಿಕ್ಕೆ ಟೈಮ್ ಬೇಕು ಮೇಡಂ, ನೀವು ಟೆನ್ಶನ್ ಮಾಡ್ಬೇಡಿ" ಎಂದರು ಅಂಗಡಿಯವರು.

"ಸತ್ತಿದ್ದರೆ ಹೇಗೆ ಗೊತ್ತಾಗುತ್ತದೆ?"

"ಸತ್ರೆ ವಾಸನೆ ಬರ್ತದೆ."

"ಯಾವ ವಾಸನೆ?"

"ಮೀನು ಹಾಳಾದ ವಾಸನೆ ಮೇಡಂ" ಎಂದು ಅವರು ನಕ್ಕರು.

ಅವರಿಗೆ ನಗು. ನಾನು ಟ್ಯಾಂಕಿನ ಮುಚ್ಚಳ ಸರಿಸಿ ಮೂಗು ಇಟ್ಟೆ. ವಾಸನೆ ಬಂತು. ಆದರೆ ಮೂಸಿದಾಗಲೆಲ್ಲ ಬರುತ್ತಿತ್ತು. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಮೀನು ಕಾಣದ ನನಗೆ, ಹಾಳಾದ ಮೀನಿನ ವಾಸನೆ ಯಾವುದು, ಹಾಳಾಗದ ಮೀನಿನದ್ದು ಯಾವುದು ಎಂದು ಹೇಗೆ ತಿಳಿಯಬೇಕು? ಎರಡೂ ನನಗೆ ಒಂದೇ. ಅರ್ಧ ಗಂಟೆಗೊಮ್ಮೆ ಮೂಸಿ ಮೂಸಿ ಕೊನೆಗೆ ಒಗ್ಗರಣೆಗೂ ಅದೇ ವಾಸನೆ ಬಂದಂತಾಯಿತು. ಮಾವಯ್ಯನ ಮೂಗು ಇದ್ದರೆ ಹೇಳುತ್ತಿತ್ತೋ ಏನೋ, ಆದರೆ ಅವರನ್ನು ಕರೆದು ಇದನ್ನು ಮೂಸಿ ಎನ್ನುವಷ್ಟು ಧೈರ್ಯ ನನಗಿರಲಿಲ್ಲ.

ಮತ್ತೆ ಫೋನು ಮಾಡಿ, ಅದಕ್ಕೆ ಊಟಕ್ಕೆ ಏನು ಹಾಕಬೇಕು ಎಂದು ಕೇಳಿದೆ. ಇದನ್ನು ಇವರು ಹೇಳಿರಲಿಲ್ಲ. ಹೂವಿಗೆ ಊಟವಿದೆ ಎಂಬುದು ಇವರಿಗೂ ಹೊಳೆದಿರಲಿಕ್ಕಿಲ್ಲ.

"ವಾರಕ್ಕೊಂದು ಸಲ ಸಿಗಡಿ ತುಂಡು ಹಾಕಿ ಮೇಡಂ, ಹಸಿದ್ದು" ಎಂದರು. ಅಷ್ಟರಲ್ಲಿ ಅವರ ಅಂಗಡಿಗೆ ಯಾರೋ ಬಂದರು, ಫೋನು ಇಟ್ಟರು.

ನಾನು ಲೆಕ್ಕ ಹಾಕಿದೆ. ನಮ್ಮ ಮನೆಗೆ ಬಂದು ಮೂರು ದಿನ. ಅಂಗಡಿಯಲ್ಲಿ ಯಾವಾಗ ಹಾಕಿದ್ದರೋ, ಹಾಕಿರಲೇ ಇಲ್ಲವೋ. ಹಾಗಾದರೆ ಇದು ಮುದುರುವುದು ಹಸಿವಿನಿಂದ. ನಮ್ಮ ಚಾವಡಿಯಲ್ಲಿ, ಇಷ್ಟು ಜನಕ್ಕೆ ಅನ್ನ ಬಡಿಸುವವರ ಮನೆಯಲ್ಲಿ, ಒಂದು ಜೀವ ಉಪವಾಸ ಬಿದ್ದು ಸಾಯುತ್ತಿದೆ ಎಂದು ನನಗೆ ಅನಿಸಿಹೋಯಿತು. ಒಮ್ಮೆ ಹಾಗೆ ಅನಿಸಿದ ಮೇಲೆ ಬೇರೆ ಏನೂ ತಲೆಗೆ ಹೋಗಲಿಲ್ಲ.

ಸಿಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುತ್ತಾರೆ ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು. ಪಡುಕರೆಯಿಂದ ಮೀನು ಮಾರುವ ಹೆಂಗಸೊಬ್ಬರು ದಿನಾ ಹತ್ತು ಗಂಟೆಗೆ ನಮ್ಮ ದಾರಿಯಲ್ಲಿ ಹೋಗುತ್ತಿದ್ದರು. ಆಚೆಮನೆಯವರೆಗೂ ಕೂಗುತ್ತಾ ಬಂದು, ನಮ್ಮ ಗೇಟಿನ ಮುಂದೆ ಬಾಯಿ ಮುಚ್ಚಿ, ಅದು ದಾಟಿದ ಮೇಲೆ ಮತ್ತೆ ಕೂಗುತ್ತಿದ್ದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿದ್ದಲ್ಲ; ಅದು ಅವರ ಮರ್ಯಾದೆ. ನಾಲ್ಕನೆಯ ದಿನ ನಾನೇ ಗೇಟಿನ ಹತ್ತಿರ ನಿಂತು, ಆಚೆ ಈಚೆ ಯಾರೂ ಇಲ್ಲವೆಂದು ಕಂಡು, ಹ್ವಾಯ್ ಎಂದು ಕರೆದೆ. ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆದೆ ಎಂದುಕೊಂಡು.

"ಚಟ್ಲಿ ಇತ್ತಾ?"

"ಇತ್ತ್" ಎಂದವರು ನನ್ನನ್ನೇ ನೋಡಿದರು. "ಯಾರಿಗ್ ಅಮ್ಮ?"

"ಒಂದ್ ಹೂವಿಗೆ."

ಅವರು ಬುಟ್ಟಿ ಇಳಿಸಿದರು. ಬಿಸಿಲಿಗೆ ನನ್ನ ತಲೆ ಕೆಟ್ಟಿದೆ ಎಂದೇ ಅವರಿಗೆ ಅನಿಸಿರಬೇಕು. ನಾನು ಎಳೆ, ಬಾಯಿ, ಮುದುರುವುದು ಎಲ್ಲ ಕೈಯಲ್ಲಿ ತೋರಿಸಿ ಹೇಳಿದ ಮೇಲೆ ಅವರಿಗೆ ಗೊತ್ತಾಯಿತು.

"ಅದಾ. ಮೀನಿನ್ ಬಲೆಗ್ ಬತ್ತ್ ಕೆಲವ್ ಸಲ. ನಾವ್ ಹೆಕ್ಕಿ ಬಿಸಾಡುದ್. ಅದನ್ ನೀವ್ ದುಡ್ ಕೊಟ್ ತಂದ್ರ್ಯಾ?"

"ಎಂತ ತಿಂತ್ ಅದ್?"

"ಬಿಸಾಡುದ್ಕೆ ಎಂತ ತಿಂತ್ ಅಂದ್ ಯಾರ್ ಕೇಂತ್ರ್ ಅಮ್ಮ?" ಎಂದು ಅವರು ಒಂದು ಚಟ್ಲಿಯ ಸಿಪ್ಪೆ ಬಿಡಿಸಿ, ಚಿವುಟಿ ಎರಡು ಮಾಡಿ, ಬಾಳೆಲೆಯ ಚೂರಿನಲ್ಲಿ ಇಟ್ಟುಕೊಟ್ಟರು. ಹಣ ಕೊಡಹೋದರೆ, ಒಂದು ಚಟ್ಲಿಗೆ ಕ್ರಯ ಕಟ್ಟುವುದು ತನಗೆ ಗೊತ್ತಿಲ್ಲ ಎಂದು ಬುಟ್ಟಿ ಎತ್ತಿಕೊಂಡರು.

ಮಾವಯ್ಯ ಅಂದು ವಂಡ್ಸೆಗೆ ಉಪನಯನದ ಅಡುಗೆಗೆ ಹೋಗಿದ್ದರು. ಎರಡು ಗಂಟೆಗೆ ಮೊದಲು ಬರುವ ಹಾಗಿರಲಿಲ್ಲ. ಎಲೆಯನ್ನು ಅಡುಗೆಮನೆಯ ಕಡೆ ಕೊಂಡುಹೋಗದೆ ನೇರ ಚಾವಡಿಗೆ ತಂದಿಟ್ಟು, ಮುಟ್ಟಲು ಮನಸ್ಸಾಗದೆ ಹನ್ನೆರಡು ಗಂಟೆಯವರೆಗೆ ಆಚೆ ಈಚೆ ಓಡಾಡಿದೆ. ಇಕ್ಕಳದಲ್ಲಿ ಹಿಡಿದು ಹಾಕೋಣವೆಂದರೆ ಮನೆಯಲ್ಲಿ ಇದ್ದದ್ದು ಒಲೆಯ ಇಕ್ಕಳ ಒಂದೇ. ಅದನ್ನು ಇದಕ್ಕೆ ಮುಟ್ಟಿಸುವಂತಿಲ್ಲ. ಕೈಯನ್ನಾದರೆ ತೊಳೆಯಬಹುದು, ಮೀಯಬಹುದು. ಬಲಗೈಯ ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ಒಂದು ತುಂಡನ್ನು ಎರಡು ಬೆರಳಿನಲ್ಲಿ ಹಿಡಿದು, ಉಸಿರು ಕಟ್ಟಿ ನೀರಿಗೆ ಇಳಿಸಿದೆ. ತಣ್ಣಗೆ, ಜಾರುವಂತೆ ಇತ್ತು. ಹೇಸಿಗೆಯಾಯಿತು, ಸುಳ್ಳೇಕೆ ಹೇಳಲಿ. ತುಂಡು ತಾಗಿದ್ದೇ ಎಳೆಗಳು ಒಂದೊಂದಾಗಿ ಬಗ್ಗಿದವು. ನನ್ನ ಬೆರಳಿಗೂ ಅಂಟಿ ಮೆಲ್ಲಗೆ ಎಳೆದವು. ತುಂಡು ನಿಧಾನಕ್ಕೆ ಒಳಗೆ ಹೋಯಿತು. ಆಗ ಹೇಸಿಗೆ ಎಲ್ಲಿ ಹೋಯಿತೋ, ಮಗುವಿಗೆ ಮೊದಲ ತುತ್ತು ಉಣಿಸಿದವಳ ಹಾಗೆ ಒಬ್ಬಳೇ ನಗುತ್ತಾ ನಿಂತಿದ್ದೆ. "ತಿನ್ ತಿನ್" ಎಂದು ಬಾಯಲ್ಲಿ ಹೇಳಿಯೂ ಹೇಳಿದೆ.

ಹಿಂದೆ ತಿರುಗಿದರೆ ಬಾಗಿಲಲ್ಲಿ ಮಾವಯ್ಯ.

ವಂಡ್ಸೆಯಲ್ಲಿ ಕೆಲಸ ಬೇಗ ಮುಗಿದು, ಬಡಿಸುವುದನ್ನು ಜೊತೆಯವರಿಗೆ ಒಪ್ಪಿಸಿ ಬಂದಿದ್ದರು. ಯಾವಾಗ ಬಂದು ನಿಂತರೋ ಗೊತ್ತಿಲ್ಲ. ನನ್ನ ಬಲಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕುರ್ಚಿಯ ಮೇಲೆ ಬಾಳೆಲೆ, ಅದರಲ್ಲಿ ಉಳಿದ ಚಟ್ಲಿಯ ಅರ್ಧ. ಅವರು ಎಲೆಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು.

ಎಲೆಯನ್ನು ತೆಂಗಿನ ಬುಡದಲ್ಲಿ ಹೂತು, ಕೈಗೆ ಹುಣಸೆಹಣ್ಣು ತಿಕ್ಕಿ, ತಲೆಗೆ ನೀರು ಹೊಯ್ದುಕೊಂಡು ಬಂದು ಅನ್ನಕ್ಕೆ ಇಟ್ಟೆ. ಎಲೆ ಹಾಕಿ ಕರೆದರೆ ಮಾವಯ್ಯ ಜಗಲಿಯಿಂದಲೇ, "ನಂಗ್ ಇವತ್ತ್ ಬೇಡ. ಹೊಟ್ಟಿ ಸಮ ಇಲ್ಲ" ಎಂದರು.

ಅದು ನಿಜವೋ ನೆಪವೋ? ಅಲ್ಲಿಂದ ಮುಂದೆ ನನ್ನ ತಲೆ ಕೆಟ್ಟದ್ದು. ಸಂಜೆ ಅವರೇ ಡಬ್ಬಿಯಿಂದ ಅವಲಕ್ಕಿ ತೆಗೆದು, ಬೆಲ್ಲ ಹಾಕಿಕೊಂಡು ತಿಂದರು. ಮರುದಿನವೂ ಅವಲಕ್ಕಿ, ಎಳನೀರು. ಬಯ್ದಿದ್ದರೆ ಅತ್ತು ಮುಗಿಸುತ್ತಿದ್ದೆ. ಹೊಟ್ಟೆ ಸರಿಯಿಲ್ಲದವರು ಗಟ್ಟಿ ಅವಲಕ್ಕಿಯನ್ನು ಹಾಗೆ ಅಗಿಯುತ್ತಾರೆಯೇ ಎಂದು ಒಮ್ಮೆ ಸಿಟ್ಟು ಬರುತ್ತಿತ್ತು. ಪಾಪ, ನಿಜವಾಗಿಯೂ ಸರಿಯಿಲ್ಲವೇನೋ, ಕಷಾಯ ಮಾಡಿಕೊಡಬೇಕೇನೋ ಎಂದು ಇನ್ನೊಮ್ಮೆ. ಕಷಾಯ ಮಾಡಿದರೆ ಕುಡಿದಾರೋ ಇಲ್ಲವೋ ಎಂಬ ಹೆದರಿಕೆಗೆ ಮಾಡಲೂ ಇಲ್ಲ.

ಆ ಮರುದಿನವೇ ಹತ್ತು ಗಂಟೆಗೆ ಮೀನಿನ ಹೆಂಗಸು ಬಂದು, ಯಾವತ್ತೂ ಇಲ್ಲದೆ ನಮ್ಮ ಗೇಟಿನ ಮುಂದೆ ನಿಂತು ಕೂಗಿದರು. "ಹ್ವಾಯ್ ಅಮ್ಮಾ, ಹೂವ್ ತಿಂತಾ? ಇವತ್ತ್ ಚಟ್ಲಿ ಬೇಕಾ?"

ನಾನು ಸೌಟು ಹಿಡಿದುಕೊಂಡೇ ಬಾಗಿಲ ಮರೆಗೆ ಬಂದೆ. ಜಗಲಿಯಲ್ಲಿ ಪೇಪರು ಓದುತ್ತಿದ್ದ ಮಾವಯ್ಯ ತಲೆ ಎತ್ತದೆ, "ಇವತ್ತ್ ಬೇಡ ಅಂಬ್ರ್" ಎಂದರು. ದಿನಾ ಕೊಳ್ಳುವ ಮನೆಯವರು ಹೇಳಿದಷ್ಟೇ ಸಲೀಸಾಗಿ. ಆಚೆಮನೆಯವರು ಕೇಳಿಸಿಕೊಂಡು ನಾಲ್ಕು ಜನಕ್ಕೆ ಹೇಳಿದರೆ, ಅಡುಗೆಯವರ ಮನೆಗೆ ಮೀನು ಬರುತ್ತದೆ ಎಂಬ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಆದರೂ ಹಾಗೆ ಹೇಳಿದರು. ಅದು ಕೋಪವೋ, ಹಾಸ್ಯವೋ, ನನ್ನ ಮರ್ಯಾದೆ ಉಳಿಸಿದ್ದೋ ಅರ್ಥವಾಗಲಿಲ್ಲ. ಮಧ್ಯಾಹ್ನ ಮತ್ತೆ ಅವಲಕ್ಕಿ.

ಇತ್ತ ಟ್ಯಾಂಕಿನಲ್ಲಿ, ತಿಂದದ್ದನ್ನು ಅದು ರಾತ್ರಿಯೇ ಉಗುಳಿತ್ತು. ಚಟ್ಲಿಯ ತುಂಡು ಬಿಳಿಚಿ, ಲೋಳೆ ಸುತ್ತಿಕೊಂಡು ಮರಳಿನ ಮೇಲೆ ಬಿದ್ದಿತ್ತು. ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು. ಹೂವು ಎಂದಿಗಿಂತ ಚಿಕ್ಕದಾಗಿ ಮುದುರಿತ್ತು. ಅಂಗಡಿಗೆ ಫೋನು ಮಾಡಿ ಅಳುವುದೊಂದು ಬಾಕಿ.

"ಅಯ್ಯೋ ಮೇಡಂ, ಹೊಸತು ತಂದದ್ದಕ್ಕೆ ಮೊದಲ ವಾರ ಏನೂ ಹಾಕ್ಲಿಕ್ಕಿಲ್ಲ. ಮುದುರ್ತದೆ, ಅರಳ್ತದೆ, ಹಳೇ ನೀರು ಬಿಟ್ಟು ಹೊಸ ನೀರು ತಗೊಳ್ತದೆ. ಬೇಕಾದ ಜಾಗ ಅದೇ ಹುಡುಕ್ತದೆ. ಹಸಿವೆಂತ ಇಲ್ಲ ಅದಕ್ಕೆ" ಎಂದರು.

"ಮೊನ್ನೆ ಯಾಕೆ ಹೇಳಲಿಲ್ಲ?"

"ನೀವು ಕೇಳ್ಳಿಲ್ಲ ಅಲ್ವಾ?"

ಫೋನು ಇಟ್ಟು ಟ್ಯಾಂಕಿನ ಮುಂದೆ ಕೂತೆ. ನನ್ನ ಮೇಲೆಯೇ ನನಗೆ ಎಷ್ಟು ಸಿಟ್ಟು ಬಂತೆಂದರೆ ಹೇಳಲಿಕ್ಕಾಗದು. ಅದಕ್ಕೆ ಹಸಿವೇ ಇರಲಿಲ್ಲ. ಇಲ್ಲದ ಹಸಿವಿಗೆ ಬಡಿಸಹೋಗಿ, ನಿಜವಾಗಿ ಹಸಿದು ಮನೆಗೆ ಬರುವವರ ಊಟವನ್ನು ನಾನೇ ತಪ್ಪಿಸಿದ್ದೆ. ಮುಂಬಯಿಯಿಂದ ಇವರು ಫೋನು ಮಾಡಿ, ಹೂಗು ಹ್ಯಾಂಗಿತ್ತ್ ಎಂದು ಕೇಳಿದರು. ಇತ್ತ್ ಎಂದೆ. ಇತ್ತ್ ಅಂದ್ರೆ ಎಂದರು. ಇತ್ತ್ ಅಂದ್ರೆ ಇತ್ತ್ ಎಂದು ರೇಗಿದೆ. ಮಾವಯ್ಯನ ವಿಷಯ ಬಾಯಿಗೆ ಬಂದರೂ ಹೇಳಲಿಲ್ಲ.

ಮಸುಕಾದ ನೀರನ್ನು ಸ್ವಲ್ಪ ತೆಗೆದು, ಇವರು ಕದಡಿಟ್ಟಿದ್ದ ನೀರು ಹೊಯ್ದೆ. ಫಿಲ್ಟರಿನ ಬಾಯಿಗೆ ಅದು ಸಿಕ್ಕಿಕೊಳ್ಳದಂತೆ ಸ್ಪಂಜು ಕಟ್ಟಿದೆ. ಆಮೇಲೆ ಏನೂ ಮಾಡಲಿಲ್ಲ. ಏನೂ ಮಾಡದೆ ಇರುವುದು ನನ್ನಂಥವಳಿಗೆ ಎಷ್ಟು ಕಷ್ಟವೆಂದು ಆ ದಿನಗಳಲ್ಲಿ ತಿಳಿಯಿತು. ಮಾವಯ್ಯನಿಗೂ ದಿನಾ ಎಲೆ ಹಾಕಿ ಒಂದು ಸಲ ಕರೆಯುತ್ತಿದ್ದೆ, ಬೇಡವೆಂದರೆ ಎಲೆ ತೆಗೆಯುತ್ತಿದ್ದೆ. ಅಷ್ಟೇ.

ಒಂಬತ್ತನೆಯ ದಿನ ಬೆಳಿಗ್ಗೆ ಅದು ಟ್ಯಾಂಕಿನ ಎಡಮೂಲೆಯಲ್ಲಿ, ಎರಡು ಕಲ್ಲಿನ ಸಂದಿಯಲ್ಲಿ ಪಾದ ಊರಿ, ಪೂರಾ ಅರಳಿ ನಿಂತಿತ್ತು. ಇವರು ಅಷ್ಟು ಆರಿಸಿ ಇಟ್ಟ ಕಲ್ಲು ಅದಕ್ಕೆ ಬೇಕಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನುಗಳಲ್ಲಿ ದೊಡ್ಡದು ಎಳೆಗಳ ಮಧ್ಯೆ ನುಗ್ಗಿ ಹೊರಳಾಡತೊಡಗಿತು. ನಾನು ನೋಡುತ್ತಾ ನಿಂತಿದ್ದಾಗ ಮಾವಯ್ಯ ಮಣೆ ಎಳೆದುಕೊಂಡು ಬಂದು ಟ್ಯಾಂಕಿನ ಮುಂದೆ ಕೂತರು.

"ಇದ್ರ್ ಬಾಯಿ ಎಲ್ಲಿತ್ತ್?"

ತೋರಿಸಿದೆ.

"ಅವತ್ತ್ ಹಾಕದ್ದನ್ನ ಉಗ್ಳ್ತ್ ಅಲ್ದಾ?"

"ಹೌದ್ ಮಾವಯ್ಯ. ಹಸಿವ್ ಇರ್ಲಿಲ್ಲ ಅಂಬ್ರ್."

ಅವರು ನನ್ನ ಕಡೆ ತಿರುಗದೆ, ಮೀನನ್ನೇ ನೋಡುತ್ತಾ ಕೇಳಿದರು: "ಅವತ್ತ್ ಎಡಗೈಯಗೆ ಅಲ್ದಾ ಹಾಕದ್ದ್?"

ಬಾಗಿಲಲ್ಲಿ ನಿಂತು ನನ್ನ ಒದ್ದೆಯಾದ ಬಲಗೈಯನ್ನು ಕಣ್ಣಾರೆ ನೋಡಿದವರು ಅವರು. ನಮ್ಮ ಮನೆಗಳಲ್ಲಿ ಉಣ್ಣುವ, ಬಡಿಸುವ ಕೈ ಬಲಗೈ. ಉಳಿದ ಎಲ್ಲ ಕೊಳೆಯೂ ಎಡಗೈಗೆ. ಅಲ್ಲ ಎಂದರೆ ಏನಾಗುತ್ತದೆಂದು ಗೊತ್ತಿತ್ತು. ಹೌದ್ ಮಾವಯ್ಯ ಎಂದೆ.

"ಹಂಗಾರೆ ಬಡ್ಸ್. ಹಸಿವಾಯ್ತ್" ಎಂದು ಎದ್ದರು.

ಐದು ದಿನದ ಮೇಲೆ ಆ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಪಲ್ಯವನ್ನು ಅದೇ ಬಲಗೈಯಲ್ಲಿ ಬಡಿಸಿದೆ. ಅವರು ತಲೆ ತಗ್ಗಿಸಿ ಉಂಡರು. ಹುಳಿ ಎರಡನೇ ಸಲ ಹಾಕಿಸಿಕೊಂಡರು. ನಾನು ಹಿತ್ತಲ ಬಾಗಿಲಿಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಮಜ್ಜಿಗೆ ಬಡಿಸಿದೆ. ಸಾವಿರ ಜನದ ಅಡುಗೆಗೆ ಬೇಕಾದ ಕಾಯಿ, ಅಕ್ಕಿ, ಬೇಳೆಯ ಲೆಕ್ಕವನ್ನು ಚೀಟಿಯಿಲ್ಲದೆ ಹೇಳುವವರಿಗೆ, ನಾನು ಯಾವ ಕೈಯಲ್ಲಿ ಹಾಕಿದೆ ಎಂಬುದು ಮರೆತಿತ್ತೇ? ಮರೆತಿಲ್ಲವಾದರೆ ಆ ಸುಳ್ಳನ್ನು ನನ್ನ ಬಾಯಲ್ಲಿ ಇಟ್ಟವರು ಅವರೇ ಅಲ್ಲವೇ? ಚಟ್ಲಿ ಮುಟ್ಟಿದ್ದಕ್ಕಿಂತ ಆ ಒಂದು ಹೌದು ನನ್ನನ್ನು ಹೆಚ್ಚು ಕಾಡಿತು.

ಇವರು ಮುಂಬಯಿಯಿಂದ ಬಂದು, ಹೂವು ಪಾದ ಊರಿದ್ದು ತಮ್ಮ ಲೋಟದ ಲೆಕ್ಕದಿಂದಲೇ ಎಂದು ಬೀಗಿದರು. ಬೀಗಲಿ ಎಂದು ಬಿಟ್ಟೆ. ಅಂಗಡಿಯವರು ಹೇಳಿದಂತೆ ವಾರಕ್ಕೊಮ್ಮೆ, ಕಡಲೆಕಾಳಿನಷ್ಟು ಚಟ್ಲಿ ಹಾಕುವ ಕೆಲಸ ನನ್ನದೇ ಆಯಿತು. ಇವರು ಉದ್ದದ ಚಿಮಟ ತಂದುಕೊಡುತ್ತೇನೆ ಎಂದರು. ಬೇಡವೆಂದೆ. ಅವತ್ತಿನ ಹೌದು ಇನ್ನಾದರೂ ನಿಜವಾಗಲಿ ಎಂದು ನಾನು ಎಡಗೈಯ ಬಳೆ ಮೇಲಕ್ಕೆ ಸರಿಸಿದೆ.

ಎಡಗೈ ಯಾವ ಸಣ್ಣ ಕೆಲಸಕ್ಕೂ ಆಗದ ಕೈ. ಮೊದಲ ವಾರ ತುಂಡು ಜಾರಿ ಮರಳಿಗೆ ಬಿತ್ತು. ಎರಡನೆಯ ವಾರ ಮೀನು ಕಸಿದುಕೊಂಡಿತು. ಮೂರನೆಯ ವಾರ ಬೆರಳು ಅಲುಗಲಿಲ್ಲ. ತುಂಡು ಸರಿಯಾಗಿ ಬಾಯಿಯ ಮೇಲೆ ಕೂತಿತು, ಎಳೆಗಳು ಬಗ್ಗಿ ಮುಚ್ಚಿಕೊಂಡವು. ಮಾವಯ್ಯ ಪೇಪರು ಮಡಚಿ ಬಂದು ಹಿಂದೆ ನಿಂತಿದ್ದರು.

"ಈಗ ಸಮ ಆಯ್ತ್" ಎಂದರು.

ಯಾವುದು ಸಮ ಆದದ್ದು ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಎಡಗೈ ತೊಳೆದುಕೊಂಡು, ಬಲಗೈಯಲ್ಲಿ ಅವರಿಗೆ ಎಲೆ ಹಾಕಿದೆ.